ಮಗು ಯಾರ ಸ್ವತ್ತೂ ಅಲ್ಲ

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೇಷ್ಟ್ರಾಗಿದ್ದಾಗ ಒಂದು ಮಧ್ಯಾಹ್ನ, ಹೆಂಡತಿಯಿಂದ ಬೇರೆಯಾಗಿದ್ದ ಒಬ್ಬಾತ ಶಾಲೆಗೆ ಬಂದು ಮಗನನ್ನು ಕೇಳಿದ. ಅಪ್ಪನಲ್ಲವೇ ಎಂದು ಕಳುಹಿಸಿಕೊಟ್ಟೆ. ಸಂಜೆ ಗಿರಣಿ ಬಿಟ್ಟು ಬಂದ ತಾಯಿಗೆ ಖಾಲಿ ಬೆಂಚು ತೋರಿಸಬೇಕಾಯಿತು. ಠಾಣೆಯಲ್ಲಿ, "ಅಪ್ಪನೇ ಒಯ್ದರೆ ಅದು ಕಳವು ಹೇಗಮ್ಮ?" ಎಂದು ನಕ್ಕರು.

ಆ ಹುಡುಗನಿಗೆ ಒಂದೇ ದಿನದಲ್ಲಿ ತಾಯಿ, ಶಾಲೆ, ಗೆಳೆಯರು ಎಲ್ಲ ಹೋದವು. ಇದು ಪ್ರೀತಿಯಲ್ಲ, ಸೇಡು. ಹೊಡೆತ ತಾಳಲಾರದೆ ಮಗುವಿನೊಂದಿಗೆ ಓಡಿಬಂದ ತಾಯಿಯ ಮಾತು ಬೇರೆ. ಆಕೆಯೂ ಕೋರ್ಟಿನ ಆಸರೆ ಪಡೆಯಲಿ.

ಕಾನೂನು ಏನನ್ನುತ್ತದೆ? 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ ಮಗುವಿನ ಹಿತ ನೋಡಿರೆನ್ನುತ್ತದೆ, ಗಂಡ ಹೆಂಡಿರ ಹಟವನ್ನಲ್ಲ. ಕಾಣೆಯಾದ ಪ್ರತಿಯೊಂದು ಮಗುವಿನ ದೂರನ್ನೂ ಎಫ್.ಐ.ಆರ್. ಆಗಿ ದಾಖಲಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ. "ನಾಳೆ ಬಾ" ಎನ್ನುವ ಹಕ್ಕು ಯಾವ ಠಾಣೆಗೂ ಇಲ್ಲ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಕೈಗಾರಿಕಾ ಕಾರ್ಮಿಕರಿಗೂ ಪುಕ್ಕಟೆ ನೆರವುಂಟು. 1098ಕ್ಕೆ ಫೋನು ಮಾಡಿ.

ಬಸ್ ನಿಲ್ದಾಣದ ಅಂಗಡಿಯ ಅಣ್ಣಂದಿರೇ, ಅಳುವ ಮಗುವನ್ನು ಕಂಡರೆ ಸುಮ್ಮನಿರಬೇಡಿ. "ಇದು ತಾಯಿಗೆ ಗೊತ್ತೇ?" ಎಂದು ಅಂದು ನಾನು ಕೇಳಲಿಲ್ಲ. ನೀವಾದರೂ ಕೇಳಿ.