ಭಾನುವಾರದ ಎರಡು ಗಂಟೆ: ಮಕ್ಕಳಿಗೊಂದು ಗಣಿತ ಕೂಟ
(ಕಾರ್ಕಳ ತಾಲೂಕಿನ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಡಾಕ್ಟ್ರು ಬಂದರೆ ಕೆಚ್ಚಲು ಬಾವು, ಜಂತು ನಿವಾರಣೆ, ಖನಿಜ ಮಿಶ್ರಣದ ಮಾತೇ ಎಂದು ತಾವು ತಿಳಿದಿರಬಹುದು. ಇಂದು ಹಟ್ಟಿಯ ದನದ ಜೊತೆಗೆ ಮನೆಯ ಮಕ್ಕಳ ಬಗ್ಗೆಯೂ ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ.

ಸದಸ್ಯರೊಬ್ಬರ ಹಟ್ಟಿಗೆ ಜಂತುಹುಳದ ಔಷಧಿ ಕೊಡಲು ಹೋಗಿದ್ದೆ. ಔಷಧಿಯ ಪ್ರಮಾಣ ದನದ ತೂಕದ ಮೇಲೆ ನಿಂತಿದೆ. ತಕ್ಕಡಿ ಇಲ್ಲದಲ್ಲಿ ನಾವು ಟೇಪು ಹಿಡಿಯುತ್ತೇವೆ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 300ರಿಂದ ಭಾಗಿಸಬೇಕು. ಅಳತೆ ಅಂಗುಲದಲ್ಲಿದ್ದರೆ ಅಂದಾಜು ತೂಕ ಪೌಂಡಿನಲ್ಲಿ ಸಿಗುತ್ತದೆ. ಅವಸರದಲ್ಲಿ ಟೇಪನ್ನು ಸಡಿಲ ಹಿಡಿದು ನಾನು ಸುತ್ತಳತೆ 66 ಅಂಗುಲ ಎಂದೆ. ಹಗ್ಗ ಹಿಡಿದಿದ್ದ ಒಂಬತ್ತನೆಯ ತರಗತಿಯ ಮಗಳು ಟೇಪು ಸರಿಮಾಡಿ 60 ಎಂದಳು. "ಆರು ಅಂಗುಲ ಏನು ಮಹಾ?" ಎಂದೆ. "ಸರ್, ಅದನ್ನು ಎರಡು ಸಲ ಗುಣಿಸುತ್ತೀರಲ್ಲ?" ಎಂದಳು.

ಉದ್ದ 50 ಅಂಗುಲ. ಅವಳ ಅಳತೆಗೆ 600 ಪೌಂಡು, ಅಂದರೆ ಸುಮಾರು 272 ಕಿಲೋ. ನನ್ನ ಅಳತೆಗೆ 726 ಪೌಂಡು, ಸುಮಾರು 329 ಕಿಲೋ. ಅಳತೆಯಲ್ಲಿ ನೂರಕ್ಕೆ ಹತ್ತು ತಪ್ಪಿದರೆ ತೂಕದಲ್ಲಿ ನೂರಕ್ಕೆ ಇಪ್ಪತ್ತೊಂದು ತಪ್ಪಿತು! ನಾನು ತಲೆ ತಗ್ಗಿಸಿ ಔಷಧಿ ಕಡಿಮೆ ಮಾಡಿದೆ. ಅಷ್ಟರಲ್ಲಿ ತಾಯಿ ಹೇಳಿದರು: "ಇವಳಿಗೆ ಗಣಿತ ತಲೆಗೆ ಹೋಗುವುದಿಲ್ಲ ಡಾಕ್ಟ್ರೇ, ಹತ್ತನೆಯದಕ್ಕೇ ಸಾಕು ಮಾಡಿಸುತ್ತೇವೆ."

ಬಂಧುಗಳೇ, ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. 1990ರ ದಶಕದಲ್ಲಿ ನಾನೂ ಗಣಿತದಲ್ಲಿ ನಪಾಸಾಗುವ ಹುಡುಗನೇ. ನೆರೆಮನೆಯ ನಿವೃತ್ತ ಮಾಸ್ತರರು ಸಂಜೆ ಜಗಲಿಯಲ್ಲಿ ಕೂರಿಸಿ ಕಲಿಸಿದರು. ಒಂದು ಪೈಸೆ ಪಡೆಯಲಿಲ್ಲ. ಅಮ್ಮ ಕಳುಹಿಸಿದ ಒಂದು ಕುಡ್ತೆ ಹಾಲನ್ನೂ ಕಾಯಿಸಿ ನಮಗೇ ಹಂಚುತ್ತಿದ್ದರು. ಆ ಜಗಲಿ ಇಲ್ಲದಿದ್ದರೆ ನಾನು ಇಂದು ತಮ್ಮ ಮುಂದೆ ನಿಲ್ಲುತ್ತಿರಲಿಲ್ಲ.

ಅಂಥ ಜಗಲಿಯೊಂದು ನಮ್ಮ ಸಂಘದ ಕಟ್ಟಡದಲ್ಲಿ ಏಕಿರಬಾರದು? ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಬೆಳಗಿನ ಹಾಲು ಮುಗಿದಿರುತ್ತದೆ, ಸಂಜೆಯ ಹಾಲಿಗೆ ಸಮಯವಿರುತ್ತದೆ. ಎಂಟರಿಂದ ಹತ್ತನೆಯ ತರಗತಿಯ ಹತ್ತು ಹನ್ನೆರಡು ಮಕ್ಕಳು, ಒಬ್ಬ ನಿವೃತ್ತ ಶಿಕ್ಷಕರು, ಉಡುಪಿ ಮಣಿಪಾಲಕ್ಕೆ ಕಾಲೇಜಿಗೆ ಹೋಗುವ ನಮ್ಮೂರಿನ ಒಬ್ಬಿಬ್ಬರು. ಬೇಕಾದದ್ದು ಕರಿಹಲಗೆ, ಟೇಪು, ಚೌಕುಳಿ ಕಾಗದ. ಶುಲ್ಕ ಇಲ್ಲ, ಬೈಗುಳ ಇಲ್ಲ, ಮೊದಲು ಉತ್ತರ ಹೇಳಿದವನಿಗೆ ಬಹುಮಾನವೂ ಇಲ್ಲ.

ಪಾಠ ನಮ್ಮ ಕ್ಯಾನಿನಿಂದಲೇ ಸುರುವಾಗಲಿ. ಬೆಳಿಗ್ಗೆ 6 ಲೀಟರ್, ಕೊಬ್ಬಿನಂಶ 3.6, ಸಂಜೆ 4 ಲೀಟರ್, ಕೊಬ್ಬಿನಂಶ 4.1. ದಿನದ ಸರಾಸರಿ ಎಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 3.85. ಅದು ತಪ್ಪು. 21.6ಕ್ಕೆ 16.4 ಕೂಡಿಸಿ ಹತ್ತರಿಂದ ಭಾಗಿಸಬೇಕು, 3.80 ಸರಿ. ಇದನ್ನು ತಿಳಿದ ಮಗು ನಾಳೆ ಅಪ್ಪನ ಪಾಸ್‌ಬುಕ್ಕನ್ನೂ ಓದುತ್ತದೆ. ಮೂರಡಿ ಕೋಲಿನ ನೆರಳು ಎರಡಡಿ ಇರುವಾಗ ತೆಂಗಿನ ಮರದ ನೆರಳು 40 ಅಡಿ ಇದ್ದರೆ, ಹತ್ತದೆಯೇ ಮರ 60 ಅಡಿ ಎನ್ನಬಹುದು. ಬಳಿಕ ಬಂಡೆಯ ಮೇಲಿರುವ ಕಾಪು ದೀಪಸ್ತಂಭವನ್ನು ಹೇಗೆ ಅಳೆಯುವುದೆಂದು ಮಕ್ಕಳೇ ಚರ್ಚೆ ಮಾಡಲಿ.

ಇದು ನಮ್ಮ ಮಣ್ಣಿಗೆ ಹೊಸತಲ್ಲ. 12ನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರ ಗಣಿತ' ಬರೆದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಸುರುಮಾಡಿದ್ದು, ಹನಿಹನಿ ಕೂಡಿದರೆ ಹಳ್ಳವೆಂಬ ಲೆಕ್ಕದಿಂದಲೇ. 1975ರಲ್ಲಿ ಆರ್ಯಭಟ ಉಪಗ್ರಹದ ಕೆಲಸಕ್ಕೆ ನಾಯಕರಾಗಿದ್ದ ಯು. ಆರ್. ರಾಯರು ಹುಟ್ಟಿದ್ದು ಕಾಪು ಬಳಿಯ ಅದಮಾರಿನಲ್ಲಿ.

"ಭಾನುವಾರವಾದರೂ ಮಕ್ಕಳು ಹುಲ್ಲು ಕೊಯ್ಯಲಿ, ಹಟ್ಟಿಗೆ ಜನ ಇಲ್ಲ" ಎಂದು ತಾವು ಹೇಳುವುದು ನನಗೆ ಗೊತ್ತು, ಅದು ಸುಳ್ಳಲ್ಲ. ಆದರೆ ಕರುವಿಗೆ ಹಾಲು ಬಿಡದೆ ಎಲ್ಲವನ್ನೂ ಕರೆದರೆ ಮುಂದೆ ಹಟ್ಟಿಯಲ್ಲಿ ಏನು ಉಳಿಯುತ್ತದೆ ಎಂಬುದು ತಮಗೆ ಹೇಳಬೇಕಾಗಿಲ್ಲ. ವಾರದಲ್ಲಿ ಎರಡು ಗಂಟೆ ಮಕ್ಕಳಿಗೆ ಬಿಡಿ. ಹೆಣ್ಣುಮಕ್ಕಳನ್ನು ಮೊದಲು ಕಳುಹಿಸಿ. ಬೆಳಗಾತ ಹಾಲು ಹೊತ್ತು ತಂದು, ಓಡುತ್ತಾ ಶಾಲೆಗೆ ಹೋಗುವವರು ಹೆಚ್ಚಾಗಿ ಅವರೇ.

ಆಡಳಿತ ಮಂಡಳಿಯವರು ಇಂದೇ ನಿರ್ಣಯ ಮಾಡಿ ಕೋಣೆಯ ಬೀಗದ ಕೈ ಕೊಡಿ. ತಿಂಗಳಲ್ಲಿ ಒಂದು ಭಾನುವಾರ ನಾನೂ ಟೇಪು ಹಿಡಿದು ಬರುತ್ತೇನೆ. ಸರಿಯಾಗಿ ಹಿಡಿಯುವುದನ್ನು ನನಗೆ ಕಲಿಸಲು ಆ ಹುಡುಗಿಯನ್ನೂ ಅವಳ ತಾಯಿ ಕಳುಹಿಸಲಿ.