ಜಾಹೀರಾತೂ ಯುದ್ಧವೂ



ಸಾಬೂನು ಮಾರುವ ವಿದ್ಯೆಯಿಂದ ಯುದ್ಧವನ್ನೂ ಮಾರಬಹುದೆ? ಟೆಲಿವಿಷನ್ ಮನೆಮನೆಯಲ್ಲಿರುವ ಈ ಕಾಲದ ಈ ಪ್ರಶ್ನೆಗೆ ನಮ್ಮ ಮುಂಬಯಿಯ ಹಳೆಯ ಅನುಭವವೊಂದು ಉತ್ತರ ಕೊಡಬಲ್ಲುದು.

1939ರಲ್ಲಿ ಆಂಗ್ಲ ಸರಕಾರವು ನಮ್ಮ ಜನನಾಯಕರನ್ನು ಒಂದು ಮಾತೂ ಕೇಳದೆ ಭಾರತವನ್ನು ಮಹಾಯುದ್ಧಕ್ಕೆ ಇಳಿಸಿತು. 1942ರ ಆಗಸ್ಟ್ 8ರಂದು ಇಲ್ಲಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂದ ನಾಯಕರು ಮರುದಿನವೇ ಬಂಧಿತರಾದರು. ಮರುವರ್ಷ ಇದೇ ನಗರದಲ್ಲಿ ‘ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ ಎಂಬ ಸರಕಾರಿ ಸಂಸ್ಥೆ ಹುಟ್ಟಿತು. ಸರಕಾರ ಒಪ್ಪಿದ ಪ್ರಚಾರಚಿತ್ರಗಳನ್ನು ಚಿತ್ರಮಂದಿರದವರು ಭಾರತ ರಕ್ಷಣಾ ನಿಯಮದ ಮೇರೆಗೆ ತೋರಿಸಲೇಬೇಕಾಗಿತ್ತು. ಅದರ ಬಾಡಿಗೆಯನ್ನೂ ತಾವೇ ತೆರಬೇಕಾಗಿತ್ತು!

ಹಿಟ್ಲರನನ್ನು ಎದುರಿಸುವುದು ನ್ಯಾಯವೇ ಸರಿ. ಆದರೆ ಮರುಮಾತಾಡಬಲ್ಲವರನ್ನು ಸೆರೆಯಲ್ಲಿಟ್ಟು ತೆರೆಯ ಮೇಲೆ ಒಬ್ಬನೇ ಮಾತಾಡುವುದು ನ್ಯಾಯವಲ್ಲ. ಉದ್ದೇಶ ಒಳ್ಳೆಯದಾದರೂ ಪ್ರಜೆಯ ವಿವೇಚನೆಯನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ.

1972ರ ಅಕ್ಟೋಬರ್ 2ರಂದು ಮುಂಬಯಿಯಲ್ಲಿ ದೂರದರ್ಶನ ಆರಂಭವಾಯಿತು. ಅಂದು ಚಿತ್ರಮಂದಿರದಲ್ಲಿದ್ದ ತೆರೆ ಇಂದು ನಮ್ಮ ನಡುಮನೆಯಲ್ಲಿದೆ. ಸೈನಿಕರ ಭಾವಚಿತ್ರಗಳನ್ನು ಪಕ್ಷಗಳು ಜಾಹೀರಾತಿಗೆ ಬಳಸಕೂಡದೆಂದು ಚುನಾವಣಾ ಆಯೋಗವು 2019ರ ಮಾರ್ಚಿನಲ್ಲಿ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಸೈನಿಕನು ಇಡೀ ದೇಶದವನು. ಯಾವ ಅಂಗಡಿಯ ಸರಕೂ ಅಲ್ಲ.

ಸಾಬೂನು ಸರಿಯಿಲ್ಲದಿದ್ದರೆ ನಾಳೆ ಬೇರೆಯದನ್ನು ಕೊಳ್ಳಬಹುದು. ರಣರಂಗದಲ್ಲಿ ಹೋದ ಮಗನನ್ನು ಯಾವ ಅಂಗಡಿಯಿಂದ ತರೋಣ? ಆದುದರಿಂದ ಯುದ್ಧಕ್ಕೆ ಹುರಿದುಂಬಿಸುವ ಚಿತ್ರ ಕಂಡಾಗಲೆಲ್ಲ ನಾವು ಕೇಳಬೇಕಾದ ಮಾತು ಎರಡೇ: ಇದಕ್ಕೆ ಹಣ ತೆತ್ತವರಾರು? ಇದಕ್ಕೆ ಎದುರು ಹೇಳುವವರಿಗೆ ಎಡೆಯುಂಟೆ?