ಔಷಧೀಯ ಅಣಬೆ: ಗುಣವೂ ಮಿತಿಯೂ

(ಗ್ರಾಮ ಪಂಚಾಯತಿ ಸದಸ್ಯರ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಅಣಬೆ ಬೇಸಾಯವು ಸ್ವಸಹಾಯ ಸಂಘಗಳ ಮಹಿಳೆಯರಿಗೆ ಆದಾಯ ತರಬಲ್ಲ ಕಸುಬು. ಅದರ ಜೊತೆಯಲ್ಲಿಯೇ, ಅಣಬೆಯಿಂದ ಮಧುಮೇಹ, ಕ್ಯಾನ್ಸರ್ ವಾಸಿಯಾಗುತ್ತವೆಂಬ ಪ್ರಚಾರವೂ ಹಳ್ಳಿಗಳನ್ನು ತಲುಪುತ್ತಿದೆ. ಬೆಳೆದು ಮಾರುವವರೂ ನಂಬಿ ಕೊಳ್ಳುವವರೂ ನಮ್ಮ ಗ್ರಾಮಸ್ಥರೇ ಆಗಿರುವುದರಿಂದ ಈ ವಿಷಯದ ನಿಜಾಂಶವನ್ನು ನಾವು ಅರಿತಿರಬೇಕು.

ಅಣಬೆಯ ಕೋಶಭಿತ್ತಿಯಲ್ಲಿ ಬೀಟಾ-ಗ್ಲೂಕನ್ ಎಂಬ ನಾರಿನ ಅಂಶವಿದೆ. ದೇಹದ ರಕ್ಷಣಾ ಕೋಶಗಳು ಇದನ್ನು ಗುರುತಿಸಿ ಚುರುಕುಗೊಳ್ಳುತ್ತವೆ. ಶಿಟಾಕೆ ಅಣಬೆಯಿಂದ ಬೇರ್ಪಡಿಸಿದ ಲೆಂಟಿನಾನ್ ಈ ವರ್ಗಕ್ಕೆ ಸೇರಿದ್ದು. ಜಠರದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸಲು ಜಪಾನಿನಲ್ಲಿ 1985ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಆದರೆ ಅದು ಶುದ್ಧೀಕರಿಸಿದ ಚುಚ್ಚುಮದ್ದು. ಕಿಮೊಥೆರಪಿಗೆ ಪೂರಕವೇ ಹೊರತು ಬದಲಿಯಲ್ಲ. ಸಾರಿಗೆ ಹಾಕಿದ ಅಣಬೆ ಅದಕ್ಕೆ ಸಮನಾಗದು.

ಭತ್ತದ ಹುಲ್ಲಿನಲ್ಲಿ ಬೆಳೆಯುವ ಚಿಪ್ಪು ಅಣಬೆಯಲ್ಲಿ ಕೊಲೆಸ್ಟರಾಲ್ ತಗ್ಗಿಸುವ ಲೊವಾಸ್ಟಾಟಿನ್ ಇರುವುದು ನಿಜ. ಅದರ ಪ್ರಮಾಣವು ತಳಿ ಮತ್ತು ಬೆಳೆಸುವ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ. ಔಷಧಕ್ಕೆ ಅಳತೆಯೇ ಆಧಾರವಾದುದರಿಂದ, ಅಣಬೆ ತಿನ್ನುತ್ತೇನೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಲಾಗದು. ಆಹಾರವಾಗಿ ಮಾತ್ರ ಅಣಬೆ ಶ್ರೇಷ್ಠವೇ: ಪ್ರೋಟೀನು, ನಾರು ಉಂಟು, ಕೊಬ್ಬು ಅತ್ಯಲ್ಪ. ಕೊಯ್ದ ಅಣಬೆಯನ್ನು ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಒಡ್ಡಿದರೆ ಅದರಲ್ಲಿನ ಎರ್ಗೊಸ್ಟಿರಾಲ್ ವಿಟಮಿನ್ ಡಿ2 ಆಗಿ ಮಾರ್ಪಡುತ್ತದೆ. ಖರ್ಚಿಲ್ಲದ ಈ ಕ್ರಮವನ್ನು ಸಂಘಗಳಿಗೆ ತಿಳಿಸಬಹುದು.

ತೆಂಗು, ಅಡಿಕೆ ಮರಗಳಿಗೆ ಅಣಬೆ ರೋಗ ತರುವ ಗ್ಯಾನೊಡರ್ಮ ನಮ್ಮ ರೈತರಿಗೆ ಪರಿಚಿತ. ಅದೇ ಕುಲದ ಅಣಬೆಯ ಪುಡಿಯು ರೀಷಿ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2015ರ ವರದಿಯು, ಟೈಪ್ 2 ಮಧುಮೇಹಿಗಳ ಹೃದಯರೋಗದ ಅಪಾಯವನ್ನು ಇದು ತಗ್ಗಿಸುತ್ತದೆಂಬುದಕ್ಕೆ ಪುರಾವೆ ಕಾಣಲಿಲ್ಲ.

ಆದುದರಿಂದ ಸದಸ್ಯರಲ್ಲಿ ಮೂರು ವಿನಂತಿಗಳು:

1. ಸಂಘಗಳ ಪೊಟ್ಟಣಗಳ ಮೇಲೆ ರೋಗ ಗುಣವಾಗುತ್ತದೆಂದು ಮುದ್ರಿಸದಂತೆ ತಿಳಿಹೇಳಿರಿ. ಮಧುಮೇಹ, ಕ್ಯಾನ್ಸರ್ ವಾಸಿಮಾಡುವುದಾಗಿ ಔಷಧದ ಜಾಹೀರಾತು ನೀಡುವುದು 1954ರ ಕೇಂದ್ರ ಕಾಯಿದೆಯಂತೆ ಶಿಕ್ಷಾರ್ಹ.

2. ಮಳೆಗಾಲದ ಮುನ್ನ ಗ್ರಾಮಸಭೆಯಲ್ಲಿ, ಗುರುತು ಸಿಗದ ಕಾಡು ಅಣಬೆಯನ್ನು ತಿನ್ನಬಾರದೆಂದು ಎಚ್ಚರಿಸಿರಿ. ಮಾರಕ ಅಮಾನಿಟಾ ಅಣಬೆಗಳ ವಿಷವು ಬೇಯಿಸಿದರೂ ಅಳಿಯದು. ವಾಂತಿಭೇದಿ ಹಲವು ಗಂಟೆಗಳ ನಂತರ ಕಾಣಿಸಿಕೊಂಡು, ಯಕೃತ್ತು ಕೆಡುತ್ತದೆ. ಸಂಶಯ ಬಂದೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು.

3. ಬೆಳೆಯಲು ಆಸಕ್ತರಾದವರಿಗೆ ಬೀಜ ಹಾಗೂ ತರಬೇತಿಗಾಗಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ದಾರಿ ತೋರಿಸಿರಿ.

ಒಳ್ಳೆಯ ಆಹಾರವೆಂದು ಮಾರಿದ ಅಣಬೆಗೆ ಗಿರಾಕಿಗಳು ಮತ್ತೆ ಬರುತ್ತಾರೆ. ಔಷಧವೆಂದು ನಂಬಿ ಚಿಕಿತ್ಸೆ ಬಿಟ್ಟವರ ಆರೋಗ್ಯವನ್ನು ಯಾವ ಸಂಘವೂ ಮರಳಿಸಲಾರದು.